ಮೊದಲು ಲಾಟ್, ಆಮೇಲೆ ಕೊಬ್ಬರಿ: ಸಬ್‌ಕ್ಲಾಸಿನಿಂದ ಸೂಪರ್‌ಕ್ಲಾಸಿನ ಕನ್‌ಸ್ಟ್ರಕ್ಟರ್ ಕರೆಯುವ ಬಗೆ

ಜಾವಾ ಲ್ಯಾಬಿನಲ್ಲಿ ಇನ್‌ಹೆರಿಟೆನ್ಸ್ ಪ್ರೋಗ್ರಾಂ ಬರೆಯುವಾಗ ‘ಸೂಪರ್’ ಎಂಬ ಸಾಲನ್ನು ಬಹಳಷ್ಟು ವಿದ್ಯಾರ್ಥಿಗಳು ಬಾಯಿಪಾಠ ಮಾಡಿಕೊಂಡು ಬರೆಯುತ್ತಾರೆ. ಆ ಸಾಲು ಇದ್ದರೆ ಪ್ರೋಗ್ರಾಂ ಓಡುತ್ತದೆ, ತೆಗೆದರೆ ಎರರ್ ಬರುತ್ತದೆ. ಯಾಕೆ ಎಂದು ವೈವಾದಲ್ಲಿ ಕೇಳಿದರೆ ಮಾತು ನಿಲ್ಲುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಜಾವಾ ಬರುವುದು ಮೂರನೇ ಸೆಮಿಸ್ಟರಿಗೆ. ರಾಜ್ಯದ ಪಿಯುಸಿ ಕಂಪ್ಯೂಟರ್ ಸೈನ್ಸ್ ತರಗತಿಗಳಲ್ಲಿ ಇದೇ ವಿಷಯವನ್ನು ವರ್ಷಗಟ್ಟಲೆ ಸಿ ಪ್ಲಸ್ ಪ್ಲಸ್ ಮೂಲಕ ಕಲಿಸಲಾಗಿದೆ. ಹಾಸನದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಶ್ರವಣಬೆಳಗೊಳದ ಬಾಹುಬಲಿ ಕಾಲೇಜಿನಲ್ಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ದಿನಾ ಬಸ್ಸಿನಲ್ಲಿ ಬಂದು ಓದುವ ಮಕ್ಕಳಲ್ಲಿ ಕನ್ನಡ ಮಾಧ್ಯಮದಿಂದ ಬಂದವರಿಗೂ ಕೊರತೆಯಿಲ್ಲ. ಈ ಒಂದು ಸಾಲಿನ ಹಿಂದಿನ ಕಾರಣ ಅವರಿಗೆ ಕನ್ನಡದಲ್ಲಿ, ನಡುವೆ ಎಲ್ಲೂ ಎಳೆ ತಪ್ಪದಂತೆ ಸಿಗಬೇಕು. ಈ ಲೇಖನ ಅದಕ್ಕಾಗಿ.

ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವ ಉದಾಹರಣೆ ಪ್ರಾಣಿ ಮತ್ತು ನಾಯಿ, ಇಲ್ಲವೇ ಆಕೃತಿ ಮತ್ತು ವೃತ್ತ. ಅಲ್ಲಿ ಸೂಪರ್‌ಕ್ಲಾಸಿನ ಕನ್‌ಸ್ಟ್ರಕ್ಟರಿಗೆ ಹೇಳಿಕೊಳ್ಳುವಂಥ ಕೆಲಸವೇ ಇರುವುದಿಲ್ಲ. ಹಾಗಾಗಿ ಅದನ್ನು ಕರೆಯದಿದ್ದರೆ ಏನು ಕಳೆದುಹೋಗುತ್ತದೆ ಎಂಬುದೂ ಕಾಣುವುದಿಲ್ಲ. ನಾವು ನಮ್ಮ ಕಡೆಯದೇ ವ್ಯವಹಾರವನ್ನು ತೆಗೆದುಕೊಳ್ಳೋಣ: ಎಪಿಎಂಸಿ ಪ್ರಾಂಗಣಕ್ಕೆ ಬಂದಿಳಿಯುವ ಲಾಟ್.

ಪ್ರಾಂಗಣದ ಲಾಟ್ ಕ್ಲಾಸ್ ಆದಾಗ

ಕರ್ನಾಟಕದ ಕೃಷಿ ಮಾರುಕಟ್ಟೆಗಳು ಆನ್‌ಲೈನ್ ವ್ಯವಸ್ಥೆಗೆ ಬೇಗನೆ ಬಂದವು. ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ನಡೆಸಲು 2014ರಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಸಂಸ್ಥೆ ಹುಟ್ಟಿತು. ಕೇಂದ್ರದ ಆನ್‌ಲೈನ್ ಮಾರುಕಟ್ಟೆ ಇ-ನಾಮ್ ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. ಈ ಪದ್ಧತಿಯಲ್ಲಿ ಮಾಲು ಗೇಟಿನಲ್ಲಿ ದಾಖಲಾಗುತ್ತದೆ, ಅದಕ್ಕೊಂದು ಲಾಟ್ ಸಂಖ್ಯೆ ಬೀಳುತ್ತದೆ, ವರ್ತಕರು ಆ ಸಂಖ್ಯೆಯ ಮೇಲೆ ದರ ಹಾಕುತ್ತಾರೆ. ಇಲ್ಲಿ ನಾವು ಬರೆಯುವುದು ಕಲಿಕೆಗಾಗಿ ಸರಳಗೊಳಿಸಿದ ಮಾದರಿ. ಅಲ್ಲಿ ಓಡುವ ಸಾಫ್ಟ್‌ವೇರಿನ ನಕಲು ಇದಲ್ಲ.

ಹಾಸನದ ಆಲೂಗಡ್ಡೆ, ಹೊಳೆನರಸೀಪುರದ ಭತ್ತ, ಚನ್ನರಾಯಪಟ್ಟಣದ ಕೊಬ್ಬರಿ. ಮೂರಕ್ಕೂ ಸಮಾನವಾದ ವಿವರಗಳಿವೆ: ರೈತರ ಹೆಸರು, ಊರು, ತೂಕ, ಲಾಟ್ ಸಂಖ್ಯೆ. ಇವು ‘ಲಾಟ್’ ಎಂಬ ಸೂಪರ್‌ಕ್ಲಾಸಿಗೆ ಸೇರುತ್ತವೆ. ಆಲೂಗಡ್ಡೆಗೆ ತಳಿ ಮತ್ತು ಗಾತ್ರ ಬೇಕು, ಕೊಬ್ಬರಿಗೆ ಉಂಡೆಯೋ ಹೋಳೋ ಎಂಬುದು ಬೇಕು. ಇಂಥ ವಿವರಗಳು ಆಯಾ ಸಬ್‌ಕ್ಲಾಸಿಗೆ ಸೇರುತ್ತವೆ.

ಕೆಳಗಿನ ಕೋಡನ್ನು ಓದುವ ಅನುಕೂಲಕ್ಕಾಗಿ ಪೂರ್ತಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಕ್ಲಾಸ್, ಸೂಪರ್, ಇಫ್, ಸ್ಟ್ರಿಂಗ್ ಮುಂತಾದ ಭಾಷೆಯ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಬೇಕು. ರೈತ, ಊರು, ತೂಕ ಮುಂತಾಗಿ ನಾವು ಇಡುವ ಹೆಸರುಗಳನ್ನು ಜಾವಾ ಮತ್ತು ಪೈಥಾನ್ 3 ಕನ್ನಡದಲ್ಲೇ ಒಪ್ಪುತ್ತವೆ.

    ಕ್ಲಾಸ್ ಲಾಟ್ {
        ಪ್ರೈವೇಟ್ ಸ್ಟ್ಯಾಟಿಕ್ ಇಂಟ್ ಕೊನೆಸಂಖ್ಯೆ = 0;
        ಪ್ರೈವೇಟ್ ಫೈನಲ್ ಇಂಟ್ ಸಂಖ್ಯೆ;
        ಪ್ರೈವೇಟ್ ಫೈನಲ್ ಸ್ಟ್ರಿಂಗ್ ರೈತ, ಊರು;
        ಪ್ರೈವೇಟ್ ಫೈನಲ್ ಡಬಲ್ ತೂಕ;

        ಲಾಟ್(ಸ್ಟ್ರಿಂಗ್ ರೈತ, ಸ್ಟ್ರಿಂಗ್ ಊರು, ಡಬಲ್ ತೂಕ) {
            ಇಫ್ (ತೂಕ <= 0)
                ಥ್ರೋ ನ್ಯೂ ಇಲ್ಲೀಗಲ್ಆರ್ಗ್ಯುಮೆಂಟ್ಎಕ್ಸೆಪ್ಷನ್("ತೂಕ ತಪ್ಪು");
            ದಿಸ್.ರೈತ = ರೈತ;
            ದಿಸ್.ಊರು = ಊರು;
            ದಿಸ್.ತೂಕ = ತೂಕ;
            ದಿಸ್.ಸಂಖ್ಯೆ = ++ಕೊನೆಸಂಖ್ಯೆ;
        }
    }

ಈ ಕನ್‌ಸ್ಟ್ರಕ್ಟರ್ ಮೂರು ಕೆಲಸ ಮಾಡುತ್ತದೆ. ತೂಕವನ್ನು ಪರೀಕ್ಷಿಸುತ್ತದೆ. ಬಂದ ವಿವರಗಳನ್ನು ಫೀಲ್ಡುಗಳಿಗೆ ತುಂಬುತ್ತದೆ. ಕೊನೆಯಲ್ಲಿ ಹೊಸ ಲಾಟ್ ಸಂಖ್ಯೆ ಕೊಡುತ್ತದೆ. ಪರೀಕ್ಷೆ ಮೊದಲು, ಸಂಖ್ಯೆ ಕೊನೆಗೆ. ಈ ಕ್ರಮಕ್ಕೆ ಕಾರಣವಿದೆ: ತೂಕ ತಪ್ಪಾಗಿದ್ದರೆ ಅಲ್ಲೇ ನಿಲ್ಲುತ್ತದೆ, ಸಂಖ್ಯೆಯೊಂದು ವ್ಯರ್ಥವಾಗುವುದಿಲ್ಲ.

ಈಗ ಆಲೂಗಡ್ಡೆಯ ಕ್ಲಾಸಿನಲ್ಲಿ ಈ ಮೂರೂ ಕೆಲಸಗಳನ್ನು ಮತ್ತೆ ಬರೆಯಬಹುದೇ ಎಂದು ನೋಡಿ. ಫೀಲ್ಡುಗಳು ಪ್ರೈವೇಟ್ ಆದ್ದರಿಂದ ಸಬ್‌ಕ್ಲಾಸಿನ ಕೈಗೆ ಅವು ನೇರವಾಗಿ ಸಿಗುವುದಿಲ್ಲ. ಫೈನಲ್ ತೆಗೆದು ಪ್ರೊಟೆಕ್ಟೆಡ್ ಎಂದು ಬದಲಾಯಿಸಿದರೆ ಸಿಗುತ್ತವೆ, ಆದರೆ ಆಗ ತೂಕದ ಪರೀಕ್ಷೆ ಆಲೂಗಡ್ಡೆಯಲ್ಲಿ ಒಂದು ಕಡೆ, ಕೊಬ್ಬರಿಯಲ್ಲಿ ಒಂದು ಕಡೆ, ಭತ್ತದಲ್ಲಿ ಇನ್ನೊಂದು ಕಡೆ ಹರಡಿಕೊಳ್ಳುತ್ತದೆ. ನಾಳೆ ನಿಯಮ ಬದಲಾದರೆ ಮೂರನ್ನೂ ಹುಡುಕಿ ತಿದ್ದಬೇಕು, ಒಂದನ್ನು ಮರೆತರೆ ಸೊನ್ನೆ ತೂಕದ ಲಾಟ್ ಒಳಗೆ ನುಸುಳುತ್ತದೆ. ಆದ್ದರಿಂದ ಲಾಟ್ ಎಂದರೇನು ಎಂಬ ನಿಯಮ ಒಂದೇ ಜಾಗದಲ್ಲಿರಬೇಕು, ಮತ್ತು ಯಾವ ಸಬ್‌ಕ್ಲಾಸಿನ ಆಬ್ಜೆಕ್ಟ್ ಆದರೂ ಆ ಜಾಗವನ್ನು ಹಾದೇ ಬರಬೇಕು. ಸೂಪರ್ ಕರೆ ಇರುವುದು ಇದನ್ನು ಖಾತರಿ ಮಾಡಲು.

ಸೂಪರ್ ಕರೆ ಬರೆಯುವ ಬಗೆ

    ಕ್ಲಾಸ್ ಆಲೂಗಡ್ಡೆಲಾಟ್ ಎಕ್ಸ್‌ಟೆಂಡ್ಸ್ ಲಾಟ್ {
        ಪ್ರೈವೇಟ್ ಫೈನಲ್ ಸ್ಟ್ರಿಂಗ್ ತಳಿ, ಗಾತ್ರ;

        ಆಲೂಗಡ್ಡೆಲಾಟ್(ಸ್ಟ್ರಿಂಗ್ ರೈತ, ಸ್ಟ್ರಿಂಗ್ ಊರು, ಡಬಲ್ ತೂಕ,
                     ಸ್ಟ್ರಿಂಗ್ ತಳಿ, ಸ್ಟ್ರಿಂಗ್ ಗಾತ್ರ) {
            ಸೂಪರ್(ರೈತ, ಊರು, ತೂಕ);
            ದಿಸ್.ತಳಿ = ತಳಿ;
            ದಿಸ್.ಗಾತ್ರ = ಗಾತ್ರ;
        }
    }

ಆಲೂಗಡ್ಡೆಯ ಕನ್‌ಸ್ಟ್ರಕ್ಟರ್ ಐದು ವಿವರ ಪಡೆಯುತ್ತದೆ. ಮೊದಲ ಮೂರನ್ನು ಮೇಲಕ್ಕೆ ಒಪ್ಪಿಸುತ್ತದೆ, ಉಳಿದೆರಡನ್ನು ತಾನೇ ಇಟ್ಟುಕೊಳ್ಳುತ್ತದೆ. ದುದ್ದ ಹೋಬಳಿಯ ರೈತರೊಬ್ಬರ ಕುಫ್ರಿ ಜ್ಯೋತಿ ತಳಿಯ ಲಾಟ್ ಮಾಡಲು ಒಮ್ಮೆ ‘ನ್ಯೂ ಆಲೂಗಡ್ಡೆಲಾಟ್’ ಎಂದರೆ ಸಾಕು. ಹುಟ್ಟುವುದು ಒಂದೇ ಆಬ್ಜೆಕ್ಟ್. ಸೂಪರ್ ಎಂದಾಗ ಎರಡನೆಯ ಲಾಟ್ ಆಬ್ಜೆಕ್ಟ್ ತಯಾರಾಗುತ್ತದೆ ಎಂದು ಕೆಲವರು ತಿಳಿಯುತ್ತಾರೆ, ಅದು ಸರಿಯಲ್ಲ. ಅದೇ ಆಬ್ಜೆಕ್ಟಿನ ಲಾಟ್ ಭಾಗವನ್ನು ಲಾಟ್ ಕನ್‌ಸ್ಟ್ರಕ್ಟರ್ ತುಂಬುತ್ತದೆ, ಆಲೂಗಡ್ಡೆಯ ಭಾಗವನ್ನು ಆಲೂಗಡ್ಡೆಯ ಕನ್‌ಸ್ಟ್ರಕ್ಟರ್ ತುಂಬುತ್ತದೆ.

ಆರ್ಗ್ಯುಮೆಂಟುಗಳ ಕ್ರಮವನ್ನು ಎರಡು ಸಲ ನೋಡಿಕೊಳ್ಳಿ. ರೈತ ಮತ್ತು ಊರು ಎರಡೂ ಸ್ಟ್ರಿಂಗ್. ಸೂಪರ್ ಕರೆಯಲ್ಲಿ ಅವು ಅದಲುಬದಲಾದರೆ ಕಂಪೈಲರ್ ಚಕಾರವೆತ್ತುವುದಿಲ್ಲ. ಊರಿನ ಜಾಗದಲ್ಲಿ ರೈತರ ಹೆಸರು ಬಂದು ಕೂರುತ್ತದೆ, ಗೊತ್ತಾಗುವುದು ರಸೀದಿ ಕೈಗೆ ಬಂದ ಮೇಲೆ.

ಬರೆಯದಿದ್ದರೆ ಏನಾಗುತ್ತದೆ

ಜಾವಾದಲ್ಲಿ ನೀವು ಸೂಪರ್ ಬರೆಯದಿದ್ದರೆ ಕಂಪೈಲರ್ ಸುಮ್ಮನಿರುವುದಿಲ್ಲ. ಕನ್‌ಸ್ಟ್ರಕ್ಟರಿನ ಮೊದಲಿಗೆ ಆರ್ಗ್ಯುಮೆಂಟ್ ಇಲ್ಲದ ಒಂದು ಸೂಪರ್ ಕರೆಯನ್ನು ತಾನೇ ಸೇರಿಸುತ್ತದೆ. ಸೂಪರ್‌ಕ್ಲಾಸಿನಲ್ಲಿ ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ಇದ್ದರೆ ಎಲ್ಲವೂ ಸಲೀಸಾಗಿ ನಡೆಯುತ್ತದೆ. ನಿಮ್ಮ ಮೊದಲ ಇನ್‌ಹೆರಿಟೆನ್ಸ್ ಪ್ರೋಗ್ರಾಂಗಳು ಸೂಪರ್ ಇಲ್ಲದೆಯೂ ಓಡಿದ್ದರೆ ಅದಕ್ಕೆ ಕಾರಣ ಇದೇ.

ನಮ್ಮ ಲಾಟ್ ಕ್ಲಾಸಿನಲ್ಲಿ ಅಂಥ ಕನ್‌ಸ್ಟ್ರಕ್ಟರ್ ಇಲ್ಲ. ಒಂದೂ ಕನ್‌ಸ್ಟ್ರಕ್ಟರ್ ಬರೆಯದ ಕ್ಲಾಸಿಗೆ ಮಾತ್ರ ಜಾವಾ ತನ್ನ ಕಡೆಯಿಂದ ಖಾಲಿ ಕನ್‌ಸ್ಟ್ರಕ್ಟರ್ ಕೊಡುತ್ತದೆ. ಆರ್ಗ್ಯುಮೆಂಟ್ ಇರುವ ಒಂದನ್ನು ನಾವು ಬರೆದ ಕೂಡಲೇ ಆ ಸವಲತ್ತು ನಿಲ್ಲುತ್ತದೆ. ಆಗ ಕಂಪೈಲರ್ ಸೇರಿಸಿದ ಖಾಲಿ ಸೂಪರ್ ಕರೆಗೆ ಮೇಲೆ ಹೊಂದುವ ಕನ್‌ಸ್ಟ್ರಕ್ಟರ್ ಸಿಗದೆ, “ಕನ್‌ಸ್ಟ್ರಕ್ಟರ್ ಲಾಟ್ ಇನ್ ಕ್ಲಾಸ್ ಲಾಟ್ ಕೆನಾಟ್ ಬಿ ಅಪ್ಲೈಡ್ ಟು ಗಿವನ್ ಟೈಪ್ಸ್” ಎಂಬ ಎರರ್ ಬರುತ್ತದೆ. ನೀವು ಬರೆಯದೇ ಇರುವ ಸಾಲಿನ ಮೇಲೆ ಬಂದ ದೂರು ಅದು. ಹೊಸಬರು ಕಂಗೆಡುವುದು ಇದಕ್ಕೇ.

ಎರರ್ ಕಂಡು ಹೆದರಿ ಲಾಟ್‌ಗೆ ಒಂದು ಖಾಲಿ ಕನ್‌ಸ್ಟ್ರಕ್ಟರ್ ಸೇರಿಸಿಬಿಡುವ ಅಭ್ಯಾಸ ಬೇಡ. ಎರರ್ ಹೋಗುತ್ತದೆ ನಿಜ, ಆದರೆ ಹೆಸರಿಲ್ಲದ, ಊರಿಲ್ಲದ, ತೂಕವಿಲ್ಲದ ಲಾಟ್ ಮಾಡಲು ದಾರಿ ತೆರೆದಂತಾಗುತ್ತದೆ. ಸರಿಯಾದ ಪರಿಹಾರ ಸಬ್‌ಕ್ಲಾಸಿನಲ್ಲಿದೆ: ಮೇಲಿನವರಿಗೆ ಬೇಕಾದುದನ್ನು ಸೂಪರ್ ಮೂಲಕ ಒಪ್ಪಿಸುವುದು.

ಇದರ ಜೊತೆಗೆ ಇನ್ನೆರಡು ನಿಯಮ ತಿಳಿದಿರಲಿ. ಕನ್‌ಸ್ಟ್ರಕ್ಟರುಗಳು ಮೆಥಡ್‌ಗಳಂತೆ ಸಬ್‌ಕ್ಲಾಸಿಗೆ ಬಳುವಳಿಯಾಗಿ ಬರುವುದಿಲ್ಲ. ಪ್ರತಿ ಸಬ್‌ಕ್ಲಾಸೂ ಆರ್ಗ್ಯುಮೆಂಟ್ ಪಡೆಯಬೇಕಾದರೆ ತನ್ನದನ್ನು ಬರೆದುಕೊಳ್ಳಬೇಕು. ಹಾಗೆಯೇ ಒಂದೇ ಕನ್‌ಸ್ಟ್ರಕ್ಟರಿನಲ್ಲಿ ‘ದಿಸ್’ ಕರೆ ಮತ್ತು ‘ಸೂಪರ್’ ಕರೆ ಎರಡೂ ಇರುವಂತಿಲ್ಲ. ದಿಸ್ ಮೂಲಕ ಅದೇ ಕ್ಲಾಸಿನ ಬೇರೆ ಕನ್‌ಸ್ಟ್ರಕ್ಟರಿಗೆ ಹೋದರೆ, ಸೂಪರ್ ಕರೆಯುವ ಹೊಣೆ ಆ ಕನ್‌ಸ್ಟ್ರಕ್ಟರಿನದು.

ಮೂರು ಹಂತದ ಸರಪಳಿ

ಆಲೂಗಡ್ಡೆಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಇಲ್ಲ. ಭತ್ತಕ್ಕೂ ಕೊಬ್ಬರಿಗೂ ಇದೆ. ಈ ವ್ಯತ್ಯಾಸ ನಮ್ಮ ಕ್ಲಾಸುಗಳಲ್ಲೂ ಕಾಣಬೇಕು. ಆಲೂಗಡ್ಡೆಲಾಟ್ ನೇರವಾಗಿ ಲಾಟ್‌ನಿಂದ ಬರಲಿ. ಭತ್ತ ಮತ್ತು ಕೊಬ್ಬರಿಗೆ ನಡುವೆ ‘ಬೆಂಬಲಲಾಟ್’ ಎಂಬ ಇನ್ನೊಂದು ಕ್ಲಾಸ್ ಇಡೋಣ. ಅದು ದರ ಮತ್ತು ತೇವಾಂಶವನ್ನು ನೋಡಿಕೊಳ್ಳುತ್ತದೆ. ಇಲ್ಲಿ ಕನ್‌ಸ್ಟ್ರಕ್ಟರುಗಳನ್ನು ಮಾತ್ರ ಕೊಟ್ಟಿದ್ದೇನೆ.

    ಬೆಂಬಲಲಾಟ್(ಸ್ಟ್ರಿಂಗ್ ರೈತ, ಸ್ಟ್ರಿಂಗ್ ಊರು, ಡಬಲ್ ತೂಕ,
              ಡಬಲ್ ದರ, ಡಬಲ್ ತೇವಾಂಶ, ಡಬಲ್ ಮಿತಿ) {
        ಸೂಪರ್(ರೈತ, ಊರು, ತೂಕ);
        ಇಫ್ (ತೇವಾಂಶ > ಮಿತಿ)
            ಥ್ರೋ ನ್ಯೂ ಇಲ್ಲೀಗಲ್ಆರ್ಗ್ಯುಮೆಂಟ್ಎಕ್ಸೆಪ್ಷನ್("ತೇವ ಹೆಚ್ಚು");
        ದಿಸ್.ದರ = ದರ;
        ದಿಸ್.ತೇವಾಂಶ = ತೇವಾಂಶ;
    }

    ಭತ್ತಲಾಟ್(ಸ್ಟ್ರಿಂಗ್ ರೈತ, ಸ್ಟ್ರಿಂಗ್ ಊರು, ಡಬಲ್ ತೂಕ,
            ಡಬಲ್ ದರ, ಡಬಲ್ ತೇವಾಂಶ, ಸ್ಟ್ರಿಂಗ್ ತಳಿ) {
        ಸೂಪರ್(ರೈತ, ಊರು, ತೂಕ, ದರ, ತೇವಾಂಶ, 17);
        ದಿಸ್.ತಳಿ = ತಳಿ;
    }

ಭತ್ತಲಾಟ್ ಕಳಿಸಿದ 17 ಎಂಬ ಸಂಖ್ಯೆಯನ್ನು ಗಮನಿಸಿ. ಬೆಂಬಲ ಬೆಲೆ ಖರೀದಿಯಲ್ಲಿ ಭತ್ತದ ತೇವಾಂಶಕ್ಕೆ ಇರುವ ಮಿತಿ ಶೇ 17. ಮಿತಿ ಎಷ್ಟು ಎಂಬುದು ಭತ್ತಕ್ಕೆ ಗೊತ್ತು, ಮಿತಿ ಮೀರಿದರೆ ಏನು ಮಾಡಬೇಕು ಎಂಬುದು ಬೆಂಬಲಲಾಟ್‌ಗೆ ಗೊತ್ತು. ಹೀಗೆ ಸಬ್‌ಕ್ಲಾಸ್ ತನಗೆ ತಿಳಿದ ಸ್ಥಿರ ಮೌಲ್ಯವನ್ನು ಸೂಪರ್ ಕರೆಯಲ್ಲಿ ತುಂಬಿ ಕಳಿಸುವುದು ಬಹಳ ಉಪಯೋಗಕ್ಕೆ ಬರುವ ರೂಢಿ.

ದರವನ್ನು ಮಾತ್ರ ಹೀಗೆ ಕ್ಲಾಸಿನೊಳಗೆ ಬರೆದಿಡಬೇಡಿ. ಉಂಡೆ ಕೊಬ್ಬರಿಯ ಬೆಂಬಲ ಬೆಲೆ 2024ರ ಹಂಗಾಮಿಗೆ ಕ್ವಿಂಟಲ್‌ಗೆ 12,000 ರೂಪಾಯಿ ಇತ್ತು, 2025ಕ್ಕೆ 12,100 ಆಯಿತು. ಸಾಮಾನ್ಯ ಭತ್ತದ್ದು 2024–25ರಲ್ಲಿ 2,300, 2025–26ರಲ್ಲಿ 2,369. ವರ್ಷವರ್ಷ ಬದಲಾಗುವ ಸಂಖ್ಯೆ ಹೊರಗಿನಿಂದ ಆರ್ಗ್ಯುಮೆಂಟಾಗಿ ಬರಲಿ.

ಭತ್ತಲಾಟ್ ಒಂದನ್ನು ಸೃಷ್ಟಿಸಿದಾಗ ಕರೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ: ಭತ್ತಲಾಟ್, ಬೆಂಬಲಲಾಟ್, ಲಾಟ್, ಅದಕ್ಕೂ ಮೇಲೆ ಜಾವಾದ ಎಲ್ಲ ಕ್ಲಾಸುಗಳ ಬೇರಾದ ಆಬ್ಜೆಕ್ಟ್ ಎಂಬ ಕ್ಲಾಸ್. ಕೆಲಸ ಮುಗಿಯುವುದು ಮೇಲಿನಿಂದ ಕೆಳಕ್ಕೆ. ಪ್ರತಿ ಕನ್‌ಸ್ಟ್ರಕ್ಟರಿನ ಕೊನೆಗೆ ಒಂದು ಪ್ರಿಂಟ್ ಸಾಲು ಹಾಕಿದರೆ ಪರದೆಯ ಮೇಲೆ “ಲಾಟ್ ಸಿದ್ಧ”, “ಬೆಂಬಲ ವಿವರ ಸಿದ್ಧ”, “ಭತ್ತ ಸಿದ್ಧ” ಎಂಬ ಕ್ರಮದಲ್ಲಿ ಸಾಲುಗಳು ಬರುತ್ತವೆ. ಒಮ್ಮೆ ಹಾಕಿ ನೋಡಿ, ಈ ಕ್ರಮ ಮತ್ತೆ ಮರೆಯುವುದಿಲ್ಲ.

ಈ ಕ್ರಮ ಜಾವಾದವರ ಸ್ವಂತ ಕಲ್ಪನೆಯೂ ಅಲ್ಲ. ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನೈಗಾರ್ಡ್ ಓಸ್ಲೋದಲ್ಲಿ ರೂಪಿಸಿದ ಸಿಮ್ಯುಲಾ 67 ಭಾಷೆಯಲ್ಲೇ ಕ್ಲಾಸಿಗೆ ಇನ್ನೊಂದು ಕ್ಲಾಸನ್ನು ಪೂರ್ವಪದವಾಗಿ ಜೋಡಿಸಬಹುದಿತ್ತು. ಆಬ್ಜೆಕ್ಟ್ ಹುಟ್ಟುವಾಗ ಪೂರ್ವಪದದ ಕ್ಲಾಸಿನ ಕೆಲಸ ಮೊದಲು ಶುರುವಾಗುತ್ತಿತ್ತು. ಈ ಇಬ್ಬರಿಗೆ 2001ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಅರ್ಧ ಶತಮಾನ ದಾಟಿದರೂ ಆಧಾರ ಮೊದಲು, ವಿಸ್ತರಣೆ ಆಮೇಲೆ ಎಂಬ ತತ್ವ ಹಾಗೇ ಉಳಿದಿದೆ.

ಸೂಪರ್‌ಗಿಂತ ಮೊದಲು ಪರೀಕ್ಷೆ ಮಾಡಬಹುದೇ?

ಮೇಲಿನ ಬೆಂಬಲಲಾಟ್‌ನಲ್ಲಿ ಒಂದು ಲೋಪವಿದೆ. ತೇವಾಂಶ ಹೆಚ್ಚಾಗಿ ಲಾಟ್ ತಿರಸ್ಕೃತವಾಗುವ ಹೊತ್ತಿಗೆ ಸೂಪರ್ ಕರೆ ಮುಗಿದು ಲಾಟ್ ಸಂಖ್ಯೆ ಏರಿರುತ್ತದೆ. ಪಟ್ಟಿಯಲ್ಲಿ 41 ಆದ ಮೇಲೆ 43 ಬರುತ್ತದೆ, 42 ಎಲ್ಲಿ ಎಂದು ಲೆಕ್ಕ ನೋಡುವವರು ಕೇಳುತ್ತಾರೆ. ಹಾಗಾದರೆ ಪರೀಕ್ಷೆಯನ್ನು ಸೂಪರ್‌ಗಿಂತ ಮೇಲೆ ಬರೆಯೋಣ ಎಂದರೆ ಹಳೆಯ ಜಾವಾ ಒಪ್ಪುವುದಿಲ್ಲ. ಸೂಪರ್ ಕರೆ ಕನ್‌ಸ್ಟ್ರಕ್ಟರಿನ ಮೊದಲ ಸಾಲೇ ಆಗಿರಬೇಕು ಎಂಬುದು 1995ರಿಂದ ಬಂದ ನಿಯಮ.

ಇದಕ್ಕೆ ಬಹುಕಾಲ ಬಳಕೆಯಲ್ಲಿರುವ ಪರಿಹಾರವೆಂದರೆ ಒಂದು ಸ್ಟ್ಯಾಟಿಕ್ ಮೆಥಡ್. ಸೂಪರ್ ಕರೆಯ ಆರ್ಗ್ಯುಮೆಂಟುಗಳು ಮೊದಲು ಲೆಕ್ಕವಾಗಿ ಆಮೇಲೆ ಮೇಲಕ್ಕೆ ಹೋಗುತ್ತವೆ. ಅದೇ ಜಾಗದಲ್ಲಿ ಪರೀಕ್ಷೆ ಇಡಬಹುದು:

    ಸೂಪರ್(ರೈತ, ಊರು, ತೇವನೋಡು(ತೂಕ, ತೇವಾಂಶ, ಮಿತಿ));

ಇಲ್ಲಿ ‘ತೇವನೋಡು’ ತೇವಾಂಶ ಮಿತಿಯೊಳಗಿದ್ದರೆ ತೂಕವನ್ನು ಹಾಗೇ ಹಿಂದಿರುಗಿಸುತ್ತದೆ, ಮೀರಿದ್ದರೆ ಎಕ್ಸೆಪ್ಷನ್ ಎಸೆಯುತ್ತದೆ. ಅದು ಸ್ಟ್ಯಾಟಿಕ್ ಆಗಿರಲೇಬೇಕು. ಆಬ್ಜೆಕ್ಟ್ ಇನ್ನೂ ಸಿದ್ಧವಾಗಿಲ್ಲದ ಕಾರಣ ಅದರ ಸಾಮಾನ್ಯ ಮೆಥಡ್‌ಗಳನ್ನು ಅಲ್ಲಿ ಕರೆಯುವಂತಿಲ್ಲ.

2025ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 25 ಈ ನಿಯಮವನ್ನು ಸಡಿಲಿಸಿದೆ. ಜಾವಾ 22ರಿಂದ ಪ್ರಾಯೋಗಿಕವಾಗಿದ್ದ ಸೌಲಭ್ಯ 25ರಲ್ಲಿ ಭಾಷೆಯ ಅಧಿಕೃತ ಭಾಗವಾಯಿತು. ಈಗ ಸೂಪರ್‌ಗಿಂತ ಮೊದಲು ಆರ್ಗ್ಯುಮೆಂಟುಗಳನ್ನು ಪರೀಕ್ಷಿಸಬಹುದು, ಲೆಕ್ಕ ಮಾಡಬಹುದು, ತನ್ನದೇ ಕ್ಲಾಸಿನ ಫೀಲ್ಡುಗಳಿಗೆ ಮೌಲ್ಯ ಹಾಕಬಹುದು. ಆದರೆ ತಯಾರಾಗುತ್ತಿರುವ ಆಬ್ಜೆಕ್ಟಿನ ಫೀಲ್ಡನ್ನು ಓದುವಂತಿಲ್ಲ, ಅದರ ಮೆಥಡ್ ಕರೆಯುವಂತಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಹಳೆಯ ಆವೃತ್ತಿ ಇದ್ದರೆ ಮನೆಯಲ್ಲಿ ಓಡಿದ ಕೋಡ್ ಅಲ್ಲಿ ಓಡದೇ ಹೋಗಬಹುದು. ಪರೀಕ್ಷೆಗೆ ಮೊದಲು ಆವೃತ್ತಿ ಯಾವುದೆಂದು ನೋಡಿಕೊಳ್ಳಿ.

ಪೈಥಾನ್: ಕರೆಯುವ ಹೊಣೆ ನಿಮ್ಮದೇ

ಪೈಥಾನಿನಲ್ಲಿ ಕನ್‌ಸ್ಟ್ರಕ್ಟರಿನ ಕೆಲಸ ಮಾಡುವ ಮೆಥಡ್‌ನ ಹೆಸರು ‘ಇನಿಟ್’. ಹೆಸರಿನ ಹಿಂದೆ ಎರಡು, ಮುಂದೆ ಎರಡು ಅಂಡರ್‌ಸ್ಕೋರ್. ಸಬ್‌ಕ್ಲಾಸ್ ತನ್ನ ಇನಿಟ್ ಬರೆಯದಿದ್ದರೆ ಮೇಲಿನದೇ ಬಳಕೆಯಾಗುತ್ತದೆ. ತನ್ನದನ್ನು ಬರೆದರೆ ಮೇಲಿನದು ತಾನಾಗಿ ಓಡುವುದಿಲ್ಲ. ಸೂಪರ್ ಬರೆಯಲು ಮರೆತರೆ ಪೈಥಾನ್ ಆ ಕ್ಷಣ ಏನನ್ನೂ ಹೇಳುವುದಿಲ್ಲ.

    ಕ್ಲಾಸ್ ಆಲೂಗಡ್ಡೆಲಾಟ್(ಲಾಟ್):
        ಡೆಫ್ __ಇನಿಟ್__(ಸೆಲ್ಫ್, ರೈತ, ಊರು, ತೂಕ, ತಳಿ):
            ಸೂಪರ್().__ಇನಿಟ್__(ರೈತ, ಊರು, ತೂಕ)
            ಸೆಲ್ಫ್.ತಳಿ = ತಳಿ

ಸೂಪರ್ ಸಾಲನ್ನು ಅಳಿಸಿ ಓಡಿಸಿ. ಆಬ್ಜೆಕ್ಟ್ ಹುಟ್ಟುತ್ತದೆ, ತಳಿಯೂ ಸರಿಯಾಗಿ ಮುದ್ರಣವಾಗುತ್ತದೆ. ಎಲ್ಲೋ ನೂರು ಸಾಲು ಆಚೆ ತೂಕ ಕೇಳಿದಾಗ “ಹ್ಯಾಸ್ ನೋ ಆಟ್ರಿಬ್ಯೂಟ್” ಎಂಬ ಆಟ್ರಿಬ್ಯೂಟ್ಎರರ್ ಬರುತ್ತದೆ. ತಪ್ಪು ನಡೆದದ್ದು ಒಂದು ಕಡೆ, ದೂರು ಬಂದದ್ದು ಇನ್ನೊಂದು ಕಡೆ. ಆದ್ದರಿಂದ ಪೈಥಾನಿನಲ್ಲಿ ಸಬ್‌ಕ್ಲಾಸಿನ ಇನಿಟ್ ಬರೆಯುವಾಗ ಮೊದಲ ಸಾಲಾಗಿ ಸೂಪರ್ ಹಾಕುವ ಶಿಸ್ತನ್ನು ಕೈಗೆ ರೂಢಿಸಿಕೊಳ್ಳಬೇಕು.

ಪೈಥಾನಿನಲ್ಲಿ ಒಂದು ಕ್ಲಾಸಿಗೆ ಎರಡು ಸೂಪರ್‌ಕ್ಲಾಸ್ ಇರಬಹುದು. ‘ಸಾವಯವಲಾಟ್’ ಮತ್ತು ‘ಬೆಂಬಲಲಾಟ್’ ಎರಡೂ ಲಾಟ್‌ನಿಂದ ಬಂದಿವೆ ಎನ್ನಿ, ‘ಸಾವಯವಭತ್ತ’ ಈ ಎರಡರಿಂದ ಬರುತ್ತದೆ. ಸೂಪರ್ ಬಳಸದೆ, ಸಾವಯವಭತ್ತ ಆ ಎರಡರ ಇನಿಟ್ ಅನ್ನೂ, ಆ ಎರಡೂ ‘ಲಾಟ್.__ಇನಿಟ್__’ ಅನ್ನೂ ಹೆಸರು ಹಿಡಿದು ಕರೆದರೆ ಲಾಟ್‌ನ ಕೆಲಸ ಎರಡು ಸಲ ನಡೆಯುತ್ತದೆ, ಒಂದು ಮೂಟೆ ಭತ್ತಕ್ಕೆ ಎರಡು ಸಂಖ್ಯೆ ಖರ್ಚಾಗುತ್ತದೆ. ಎಲ್ಲರೂ ಸೂಪರ್ ಬಳಸಿದರೆ ಪೈಥಾನ್ ಎಲ್ಲ ಕ್ಲಾಸುಗಳನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿ ಪ್ರತಿಯೊಂದನ್ನೂ ಒಮ್ಮೆ ಮಾತ್ರ ಕರೆಯುತ್ತದೆ. ಆ ಸಾಲಿನಲ್ಲಿ ನಿಮ್ಮ ಮುಂದಿನವರು ಯಾರೆಂಬುದು ಬದಲಾಗಬಹುದಾದ್ದರಿಂದ ಆರ್ಗ್ಯುಮೆಂಟುಗಳನ್ನು ಹೆಸರಿನ ಸಮೇತ ಕಳಿಸಿ, ತನಗೆ ಬೇಡದ್ದನ್ನು ಮುಂದಿನವರಿಗೆ ದಾಟಿಸುವಂತೆ ಬರೆಯುವುದು ಕ್ಷೇಮ.

ಬೇರೆ ಭಾಷೆಗಳಲ್ಲಿ

ಹೊಸ ಭಾಷೆ ಹಿಡಿದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಸೂಪರ್ ಕರೆಯನ್ನು ಭಾಷೆ ತಾನೇ ಮಾಡುತ್ತದೆಯೇ? ಅದಕ್ಕಿಂತ ಮೊದಲು ನಾನು ಏನು ಮಾಡಬಹುದು?

- ಸಿ ಪ್ಲಸ್ ಪ್ಲಸ್: ಕನ್‌ಸ್ಟ್ರಕ್ಟರಿನ ಆವರಣ ಮುಗಿದ ಮೇಲೆ ಕೋಲನ್ ಹಾಕಿ ಸೂಪರ್‌ಕ್ಲಾಸಿನ ಹೆಸರನ್ನೇ ಬರೆಯಬೇಕು. ಬರೆಯದಿದ್ದರೆ ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ತಾನಾಗಿ ಓಡುತ್ತದೆ, ಅಂಥದ್ದು ಇಲ್ಲದಿದ್ದರೆ ಎರರ್.
- ಸಿ ಶಾರ್ಪ್: ಅದೇ ಜಾಗದಲ್ಲಿ ಕೋಲನ್ ಹಾಕಿ ‘ಬೇಸ್’ ಎಂದು ಬರೆಯಬೇಕು.
- ಕೋಟ್ಲಿನ್: ಕ್ಲಾಸಿನ ಘೋಷಣೆಯಲ್ಲೇ ಸೂಪರ್‌ಕ್ಲಾಸಿನ ಹೆಸರಿನ ಜೊತೆ ಆವರಣದಲ್ಲಿ ಆರ್ಗ್ಯುಮೆಂಟುಗಳನ್ನು ಕೊಡಬೇಕು. ಸೂಪರ್‌ಕ್ಲಾಸ್ ‘ಓಪನ್’ ಆಗಿರಬೇಕು.
- ಜಾವಾಸ್ಕ್ರಿಪ್ಟ್: ಸಬ್‌ಕ್ಲಾಸಿನ ಕನ್‌ಸ್ಟ್ರಕ್ಟರಿನಲ್ಲಿ ಸೂಪರ್ ಕರೆಯುವ ಮುನ್ನ ‘ದಿಸ್’ ಮುಟ್ಟಿದರೆ ರೆಫರೆನ್ಸ್ಎರರ್. ಕರೆ ತಾನಾಗಿ ಸೇರುವುದಿಲ್ಲ.
- ಪಿಎಚ್‌ಪಿ: ಸಬ್‌ಕ್ಲಾಸಿಗೆ ಸ್ವಂತ ಕನ್‌ಸ್ಟ್ರಕ್ಟರ್ ಇದ್ದರೆ ‘ಪೇರೆಂಟ್’ ಮೂಲಕ ಮೇಲಿನದನ್ನು ನೀವೇ ಕರೆಯಬೇಕು. ಮರೆತರೆ ಪೈಥಾನಿನಂತೆ ಮೌನ.
- ಸ್ವಿಫ್ಟ್: ಕ್ರಮ ತಿರುಗುಮುರುಗು. ತನ್ನ ಫೀಲ್ಡುಗಳನ್ನು ಮೊದಲು ತುಂಬಿ ಆಮೇಲೆ ಸೂಪರ್ ಕರೆಯಬೇಕು.

ಕಾಣದ ಗುಂಡಿ: ಕನ್‌ಸ್ಟ್ರಕ್ಟರಿನೊಳಗಿನ ಮೆಥಡ್ ಕರೆ

ಲಾಟ್ ಹುಟ್ಟಿದ ಕೂಡಲೇ ಗೇಟ್ ಚೀಟಿ ಮುದ್ರಿಸೋಣ ಎಂದು ಲಾಟ್ ಕನ್‌ಸ್ಟ್ರಕ್ಟರಿನ ಕೊನೆಗೆ ‘ಚೀಟಿಮುದ್ರಿಸು’ ಮೆಥಡ್ ಕರೆದಿರಿ ಎನ್ನಿ. ಕೊಬ್ಬರಿಲಾಟ್ ಅದೇ ಮೆಥಡ್ ಅನ್ನು ಓವರ್‌ರೈಡ್ ಮಾಡಿ ಉಂಡೆಯೋ ಹೋಳೋ ಎಂಬುದನ್ನೂ ಮುದ್ರಿಸುತ್ತದೆ. ಜಾವಾದಲ್ಲಿ ಸೂಪರ್‌ಕ್ಲಾಸಿನಿಂದ ಕರೆದರೂ ಓಡುವುದು ಸಬ್‌ಕ್ಲಾಸಿನ ಮೆಥಡ್. ಆದರೆ ಆ ಕ್ಷಣದಲ್ಲಿ ಸೂಪರ್ ಕರೆ ಇನ್ನೂ ಮುಗಿದಿಲ್ಲ, ‘ಬಗೆ’ ಎಂಬ ಫೀಲ್ಡ್ ತುಂಬಿಲ್ಲ. ನುಗ್ಗೇಹಳ್ಳಿಯಿಂದ ಬಂದ ಉಂಡೆ ಕೊಬ್ಬರಿಯ ಚೀಟಿಯಲ್ಲಿ ಬಗೆಯ ಜಾಗದಲ್ಲಿ ‘ನಲ್’ ಎಂದು ಬೀಳುತ್ತದೆ. ಫೀಲ್ಡಿನ ಘೋಷಣೆಯಲ್ಲೇ ಆರಂಭಿಕ ಮೌಲ್ಯ ಕೊಟ್ಟರೂ ಪ್ರಯೋಜನವಿಲ್ಲ, ಅದೂ ತುಂಬುವುದು ಸೂಪರ್ ಮುಗಿದ ನಂತರವೇ.

ಸಿ ಪ್ಲಸ್ ಪ್ಲಸ್‌ನಲ್ಲಿ ಇದೇ ಕೋಡ್ ಬೇರೆ ರೀತಿ ನಡೆಯುತ್ತದೆ. ಲಾಟ್ ಕನ್‌ಸ್ಟ್ರಕ್ಟರ್ ಓಡುತ್ತಿರುವಷ್ಟು ಹೊತ್ತು ಆ ಆಬ್ಜೆಕ್ಟ್ ಬರೀ ಲಾಟ್, ಹಾಗಾಗಿ ಮೆಥಡ್ ವರ್ಚುವಲ್ ಆಗಿದ್ದರೂ ಲಾಟ್‌ನದೇ ಓಡುತ್ತದೆ. ಪೈಥಾನಿನಲ್ಲಿ ಆಟ್ರಿಬ್ಯೂಟ್ಎರರ್ ಬರುತ್ತದೆ. ಮೂರು ಭಾಷೆಯಲ್ಲಿ ಮೂರು ವರ್ತನೆ, ಪಾಲಿಸಬೇಕಾದ ನಿಯಮ ಮಾತ್ರ ಒಂದೇ: ಓವರ್‌ರೈಡ್ ಆಗಬಹುದಾದ ಮೆಥಡ್ ಅನ್ನು ಕನ್‌ಸ್ಟ್ರಕ್ಟರಿನೊಳಗೆ ಕರೆಯಬೇಡಿ. ಆಬ್ಜೆಕ್ಟ್ ಪೂರ್ತಿಯಾಗಿ ಹುಟ್ಟಿದ ಮೇಲೆ ಹೊರಗಿನಿಂದ ಚೀಟಿ ಮುದ್ರಿಸಿ.

ಹೊಗೆಸೊಪ್ಪು: ಸೂಪರ್ ಕರೆ ಬೇಡವಾದ ಕಡೆ

ಬೆಳೆಗಳ ಉದಾಹರಣೆಯಲ್ಲಿ ಅರಕಲಗೂಡು ತಾಲ್ಲೂಕನ್ನು ಈವರೆಗೆ ಬಿಟ್ಟದ್ದು ಉದ್ದೇಶಪೂರ್ವಕ. ಅಲ್ಲಿನ ವರ್ಜೀನಿಯಾ ಹೊಗೆಸೊಪ್ಪು ಎಪಿಎಂಸಿಯ ಲಾಟ್ ಆಗಿ ಮಾರಾಟವಾಗುವುದಿಲ್ಲ. 1975ರ ಕಾಯ್ದೆಯಡಿ ರಚನೆಯಾದ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಲ್ಲಿ, ರಾಮನಾಥಪುರದಲ್ಲಿ, ಬೇಲ್ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಬೆಳೆಗಾರರು ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎಲೆ ಹದಮಾಡುವ ಬ್ಯಾರನ್‌ಗೆ ಪರವಾನಗಿ ಇರಬೇಕು.

ಇಲ್ಲೂ ರೈತರ ಹೆಸರು, ಊರು, ತೂಕ ಇವೆಯಲ್ಲ, ‘ಹೊಗೆಸೊಪ್ಪುಲಾಟ್’ ಎಂದು ಸಬ್‌ಕ್ಲಾಸ್ ಮಾಡಿಬಿಡೋಣ ಎಂಬ ಆಸೆ ಬರುತ್ತದೆ. ಮಾಡಿದರೆ ಸೂಪರ್ ಕರೆ ಹೊಗೆಸೊಪ್ಪಿಗೂ ಎಪಿಎಂಸಿ ಲಾಟ್ ಸಂಖ್ಯೆ ಕೊಟ್ಟುಬಿಡುತ್ತದೆ, ಅದು ಸುಳ್ಳು ದಾಖಲೆ. ಕೆಲವು ಫೀಲ್ಡುಗಳು ಹೊಂದುತ್ತವೆ ಎಂಬ ಕಾರಣಕ್ಕೆ ಎಕ್ಸ್‌ಟೆಂಡ್ಸ್ ಬರೆಯಬಾರದು. ಸೂಪರ್‌ಕ್ಲಾಸಿನ ಕನ್‌ಸ್ಟ್ರಕ್ಟರ್ ಮಾಡುವ ಪ್ರತಿ ಕೆಲಸವೂ ಸಬ್‌ಕ್ಲಾಸಿಗೆ ನಿಜವಾಗಿ ಒಪ್ಪುತ್ತದೆಯೇ ಎಂದು ಕೇಳಬೇಕು. ಒಪ್ಪದಿದ್ದರೆ ರೈತರ ವಿವರಕ್ಕೆ ‘ರೈತ’ ಎಂಬ ಬೇರೆ ಕ್ಲಾಸ್ ಮಾಡಿ, ಲಾಟ್‌ನೊಳಗೂ ಬೇಲ್‌ನೊಳಗೂ ಅದನ್ನು ಫೀಲ್ಡಾಗಿ ಇಟ್ಟುಕೊಳ್ಳಿ. ಸೂಪರ್ ಕರೆ ಬರೆಯುವಾಗ ಮುಜುಗರವಾಗಿ, ಸುಳ್ಳು ಆರ್ಗ್ಯುಮೆಂಟ್ ತುಂಬಬೇಕಾಗಿ ಬಂದರೆ, ಇನ್‌ಹೆರಿಟೆನ್ಸೇ ತಪ್ಪಾಗಿದೆ ಎಂಬುದಕ್ಕೆ ಅದು ಗುರುತು.

ಎರರ್ ಬಂದಾಗ ನೋಡಬೇಕಾದ್ದು

1. “ಕೆನಾಟ್ ಬಿ ಅಪ್ಲೈಡ್ ಟು ಗಿವನ್ ಟೈಪ್ಸ್”: ಸೂಪರ್ ಕರೆ ಇದೆಯೇ, ಆರ್ಗ್ಯುಮೆಂಟುಗಳ ಸಂಖ್ಯೆ ಮತ್ತು ಟೈಪ್ ಹೊಂದುತ್ತವೆಯೇ ನೋಡಿ.
2. “ಕಾಲ್ ಟು ಸೂಪರ್ ಮಸ್ಟ್ ಬಿ ಫಸ್ಟ್ ಸ್ಟೇಟ್‌ಮೆಂಟ್”: ಸೂಪರ್‌ಗಿಂತ ಮೇಲೆ ಯಾವುದೋ ಸಾಲಿದೆ. ಕೆಳಗಿಳಿಸಿ, ಇಲ್ಲವೇ ಸ್ಟ್ಯಾಟಿಕ್ ಮೆಥಡ್‌ಗೆ ಸಾಗಿಸಿ.
3. “ಹ್ಯಾಸ್ ಪ್ರೈವೇಟ್ ಆಕ್ಸೆಸ್”: ಸೂಪರ್‌ಕ್ಲಾಸಿನ ಫೀಲ್ಡನ್ನು ನೇರವಾಗಿ ಮುಟ್ಟುತ್ತಿದ್ದೀರಿ. ಸೂಪರ್ ಕರೆಗೆ ಬಿಡಿ.
4. ಮುದ್ರಣದಲ್ಲಿ ‘ನಲ್’ ಅಥವಾ ಸೊನ್ನೆ: ಮೇಲಿನ ಕನ್‌ಸ್ಟ್ರಕ್ಟರಿನಿಂದ ಓವರ್‌ರೈಡ್ ಆದ ಮೆಥಡ್ ಓಡುತ್ತಿದೆಯೇ ಪರೀಕ್ಷಿಸಿ.
5. ಸೂಪರ್‌ಕ್ಲಾಸಿಗೆ ಕನ್‌ಸ್ಟ್ರಕ್ಟರ್ ಸೇರಿಸಿದ ಕೂಡಲೇ ಎಲ್ಲ ಸಬ್‌ಕ್ಲಾಸುಗಳಲ್ಲೂ ಎರರ್: ಕಂಪೈಲರ್ ಕೊಡುತ್ತಿದ್ದ ಖಾಲಿ ಕನ್‌ಸ್ಟ್ರಕ್ಟರ್ ನಿಂತುಹೋಗಿದೆ.

ಕೈಯಾರೆ ಮಾಡಿ ನೋಡಿ

ಜಾವಾ 9ರಿಂದ ಜೊತೆಗೇ ಬರುವ ಜೆಶೆಲ್‌ನಲ್ಲಿ ದೊಡ್ಡ ತಯಾರಿಯಿಲ್ಲದೆ ಇವನ್ನೆಲ್ಲ ಪರೀಕ್ಷಿಸಬಹುದು. ಮೊದಲು ಹಳ್ಳಿಮೈಸೂರಿನಿಂದ 40 ಕ್ವಿಂಟಲ್ ಭತ್ತದ ಲಾಟ್ ಮಾಡಿ, 2,369ರ ದರಕ್ಕೆ ಮೊತ್ತ 94,760 ಬರುತ್ತದೆಯೇ ನೋಡಿ. ಎರಡನೆಯದಾಗಿ ತೇವಾಂಶ 19 ಕೊಟ್ಟು ಲಾಟ್ ತಿರಸ್ಕೃತವಾದ ಮೇಲೆ ಇನ್ನೊಂದು ಲಾಟ್ ಮಾಡಿ. ಸಂಖ್ಯೆ ಹಾರಿದೆಯೇ ಗಮನಿಸಿ, ಹಾರಿದ್ದರೆ ‘ತೇವನೋಡು’ ಮೂಲಕ ಸರಿಪಡಿಸಿ. ಮೂರನೆಯದಾಗಿ ಕೊಬ್ಬರಿಲಾಟ್ ಅನ್ನು ನೀವೇ ಬರೆಯಿರಿ. ಹಿರೀಸಾವೆಯ 8 ಕ್ವಿಂಟಲ್ ಉಂಡೆ ಕೊಬ್ಬರಿಗೆ 12,100ರ ದರದಲ್ಲಿ 96,800 ಬರಬೇಕು. ಕೊನೆಗೆ ಇದೇ ಕ್ಲಾಸುಗಳನ್ನು ಪೈಥಾನಿನಲ್ಲಿ ಬರೆದು, ಒಂದೊಂದೇ ಸೂಪರ್ ಸಾಲನ್ನು ಅಳಿಸಿ, ಯಾವ ಸಾಲಿಲ್ಲದೆ ಯಾವ ವಿವರ ಕಾಣೆಯಾಯಿತು ಎಂದು ಪಟ್ಟಿ ಮಾಡಿ.

ಈ ನಾಲ್ಕು ಅಭ್ಯಾಸ ಮುಗಿಸಿದವರಿಗೆ ವೈವಾದ ಪ್ರಶ್ನೆಗೆ ಉತ್ತರವನ್ನು ಕಂಠಪಾಠ ಮಾಡುವ ಅಗತ್ಯ ಬೀಳದು. ಸೂಪರ್ ಕರೆ ಯಾಕೆ ಎಂದು ಕೇಳಿದರೆ ಹೀಗೆ ಹೇಳಿ: ಆಬ್ಜೆಕ್ಟ್ ಅರೆಬರೆಯಾಗಿ ಹುಟ್ಟಬಾರದು. ಸೂಪರ್‌ಕ್ಲಾಸಿನ ನಿಯಮಗಳು ಒಂದೇ ಕಡೆ ಇದ್ದು, ಅವನ್ನು ದಾಟದೆ ಯಾವ ಸಬ್‌ಕ್ಲಾಸೂ ಬಳಕೆಗೆ ಬರಬಾರದು. ಮೇಲಿನವರಿಗೆ ಬೇಕಾದುದನ್ನು ಒಪ್ಪಿಸಿ, ಅವರ ಕೆಲಸ ಮುಗಿದ ಮೇಲೆ ನಮ್ಮದನ್ನು ಸೇರಿಸುವ ಕ್ರಮವೇ ಸೂಪರ್ ಕರೆ.